ಕಲ್ಲು ಒಡೆಯುವ ತಾಳ

ಆಸ್ಪತ್ರೆಯಲ್ಲಿ, ನೀರು ತುಂಬಿದ ಮೆತ್ತೆಯ ಮೇಲೆ ಅಣ್ಣ ಗೋಡೆಗೆ ಮುಖಮಾಡಿ ಮಲಗಿದ್ದ. ಯಂತ್ರದ ಪರದೆಯ ಮಬ್ಬಿನಲ್ಲಿ ಅವನ ಮೂತ್ರಪಿಂಡದ ಕಲ್ಲು ಬೆಳಗಿನ ಚುಕ್ಕಿಯಂತೆ ತೇಲುತ್ತಿತ್ತು. ಯಂತ್ರದಿಂದ ಹೊಮ್ಮುವ ಕಾಣದ ಶಬ್ದದಲೆಗಳು ಅದನ್ನು ಟಕ್, ಟಕ್ ಎಂದು ಒಡೆಯುತ್ತಿದ್ದವು.

"ಅಣ್ಣಾ, ಹೊರಟೆ. ಇನ್ನು ನಿನ್ನ ಮನೆಗೆ ಬರಲ್ಲ," ಎಂದಳು ತಂಗಿ, ಚೀಲವನ್ನು ಹೆಗಲಿಗೇರಿಸಿ. "ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂಬ ಅವನ ಬೆಳಗಿನ ಮಾತು ಅವಳನ್ನು ಇನ್ನೂ ಚುಚ್ಚುತ್ತಿತ್ತು.

"ಹೋಗು," ಎಂದ ಅವನು, ತಿರುಗದೆ. ಆದರೆ ಸೋನೆಮಳೆ ಒಮ್ಮೆಲೇ ಬಿರುಸಾಗುವ ಹಾಗೆ ಯಂತ್ರದ ಬಡಿತ ಅವಸರಿಸಿತು.

"ಅಮ್ಮಾ, ಅವರನ್ನ ಗಾಬರಿಪಡಿಸಬೇಡಿ," ಯಂತ್ರ ನಡೆಸುವವನು ನಕ್ಕ. "ಅವರ ಎದೆ ಒಂದು ಸಲ ಬಡಿದ್ರೆ ಇದು ಒಂದೇಟು ಹಾಕುತ್ತೆ. ಬಾಯಿ ಏನೇ ಹೇಳ್ಲಿ, ಇಲ್ಲಿ ಬಂಡವಾಳ ಬಯಲು!"

ಅಣ್ಣನ ಕಿವಿ ಕೆಂಪಾದದ್ದನ್ನು ತಂಗಿ ನೋಡುತ್ತ ನಿಂತಳು. "ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ ಕಣೋ. ಒಟ್ಟಿಗೇ ಮನೆಗೆ ಹೋಗೋಣ," ಎಂದು ಹೊರನಡೆದಳು. ಅವಳ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.