ಮೂವತ್ತೆರಡನೆಯ ಕೈ

“ಗಾಜು ಕುಯ್ದುಬಿಡ್ತು,” ಅಂದ ಆ ಮನುಷ್ಯ. ನರ್ಸ್ ಬತೂಲ್ ನಂಬಲಿಲ್ಲ.

ಗಾಜು ಚರ್ಮವನ್ನು ಅಡ್ಡಾದಿಡ್ಡಿ ಹರಿಯುತ್ತದೆ. ಇವನ ಅಂಗೈಯಲ್ಲಿ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಗೆರೆ ಎಳೆದಂತೆ ನೇರವಾದ ಗಾಯ. ಚೂರಿಯದು, ಅದೂ ಚೆನ್ನಾಗಿ ಮಸೆದ ಚೂರಿಯದು. ಚೂರಿಯ ಗಾಯವಾದರೆ ಅಚ್ಚರಿಯೇನಿಲ್ಲ. ಕುರ್ಬಾನಿಯ ದೊಡ್ಡ ಹಬ್ಬದ ಬೆಳಿಗ್ಗೆ ಮೆಕ್ನೆಸ್ ಊರಿನ ಗಂಡಸರೆಲ್ಲ ಟಗರಿನ ಮುಂದೆ ಮೀಸೆ ತಿರುವುತ್ತಾರೆ. ಮಧ್ಯಾಹ್ನದೊಳಗೆ ಅರ್ಧ ಜನ ತುರ್ತು ಚಿಕಿತ್ಸೆಯ ಬೆಂಚಿನ ಮೇಲೆ ಕೂತು ಮುಲುಗುತ್ತಾರೆ. ಅಂದು ಆಗಲೇ ಮೂವತ್ತೊಂದು ಕೈಗಳಿಗೆ ಹೊಲಿಗೆ ಬಿದ್ದಿತ್ತು. ಮೂವತ್ತೊಂದೂ ಎಡಗೈ. ಬಲಗೈ ಚೂರಿ ಹಿಡಿಯುತ್ತದೆ, ಎಡಗೈ ಟಗರನ್ನು ಅದುಮುತ್ತದೆ, ಚೂರಿ ಜಾರಿದರೆ ಪೆಟ್ಟು ಎಡಗೈಗೆ. ಹತ್ತೊಂಬತ್ತು ವರ್ಷಗಳಿಂದ ಒಂದು ಹಬ್ಬವನ್ನೂ ಮನೆಯಲ್ಲಿ ಕಾಣದೆ ಇದೇ ವಾರ್ಡಿನಲ್ಲಿ ಕಳೆದ ಬತೂಲ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇವನದು ಬಲಗೈ.

ಅಂದರೆ ಚೂರಿ ಬೇರೆಯವರ ಕೈಯಲ್ಲಿತ್ತು. ಎದುರಿಗೆ ಬಂದ ಅಲಗನ್ನು ಇವನು ಹಿಡಿದು ತಡೆದಿದ್ದ.

ಹೆಸರು ಮೈಮೂನ್ ಅಂತ ಬರೆಸಿದ್ದ. ಹೆಂಡತಿ ರಖಿಯಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ನಿಲುವಂಗಿಯ ತೋಳಿಗೆ ರಕ್ತ ಮೆತ್ತಿತ್ತು. ಗಂಡನ ಅಂಗಿ ಮಾತ್ರ ಈಗ ತಾನೇ ಪೆಟ್ಟಿಗೆಯಿಂದ ತೆಗೆದಂತೆ ಬೆಳ್ಳಗಿತ್ತು. ಕೈಯಿಂದ ರಕ್ತ ಸುರಿಯುತ್ತಿರುವಾಗ ಅಂಗಿ ಬದಲಿಸಿಕೊಂಡು ಬರುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ.

“ಯಾವ ಗಾಜು?” ಕೇಳಿದಳು ಬತೂಲ್.

“ಬಾಗಿಲಿಂದು,” ಅಂದ ಮೈಮೂನ್.

“ಕಿಟಕೀದು,” ಅಂದಳು ರಖಿಯಾ, ಅದೇ ಉಸಿರಿಗೆ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಮ್ಮ, ಮೂರನೆಯ ಸಲ. ಬತೂಲ್ ಪರದೆಯಾಚೆ ಹೋಗಿ ಎತ್ತಿಕೊಂಡಳು.

“ಮಾಲಂ ಇನ್ನೂ ಬಂದಿಲ್ಲ ಕಣೆ. ಹತ್ತಕ್ಕೆ ಬಂದು ಕೊಯ್ದುಕೊಡ್ತೀನಿ ಅಂದಿದ್ದ. ತಾರಸಿ ಮೇಲೆ ಟಗರು ಅರಚ್ಕೋತಿದೆ.” ಓಣಿಯ ಕಟುಕನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವನು ‘ಮಾಲಂ’, ಅಂದರೆ ಉಸ್ತಾದ್.

“ಬೇರೆ ಯಾರನ್ನಾದ್ರೂ ಕರಿ ಯಮ್ಮಾ.”

“ಕಂಡಕಂಡವರ ಕೈಗೆ ಕೊಡೋಕೆ ಇದೇನು ಕುಂಬಳಕಾಯಾ? ಈ ಓಣಿಯ ಐವತ್ತು ಮನೆಗೂ ಅವನೇ. ಎಂಥ ನಿಯತ್ತು ಅವನದು. ಟಗರಿಗೆ ಯಾರ ಕಣ್ಣೂ ಬೀಳಬಾರದು ಅಂತ ಎಲ್ರನ್ನೂ ಕೆಳಗೆ ಕಳಿಸಿ, ಬಾಗಿಲು ಹಾಕ್ಕೊಂಡೇ ಕೊಯ್ಯೋದು.”

“ನಂಗಿಲ್ಲಿ ಕೈ ತುಂಬ ಕೆಲಸ,” ಅಂತ ಬತೂಲ್ ಫೋನಿಟ್ಟಳು.

ನೋಂದಣಿ ಪುಸ್ತಕದ ‘ಕಾರಣ’ ಎಂಬ ಕಾಲಮ್ಮಿನ ಮೇಲೆ ಅವಳ ಪೆನ್ನು ನಿಂತುಹೋಯಿತು. ನಾಲ್ಕು ವರ್ಷದ ಹಿಂದೆ ಒಬ್ಬ ಹೀಗೇ ಗಾಜು ಅಂದಿದ್ದ. ಅವಳೂ ಗಾಜು ಅಂತಲೇ ಬರೆದಿದ್ದಳು. ತಿಂಗಳಾದ ಮೇಲೆ ಅವನು ಮತ್ತೆ ಬಂದ, ಮುಖದ ಮೇಲೆ ಬಟ್ಟೆ ಹೊದ್ದು. ಆ ಸುಳ್ಳು ಇಂದಿಗೂ ಅವಳ ಕೈಬರಹದಲ್ಲೇ ಇದೆ. ಈಗ ಚೂರಿ ಅಂತ ಬರೆದರೆ ಈ ಹೆಂಗಸು ಹಬ್ಬದ ದಿನ ಠಾಣೆಗೆ ಹೋಗುತ್ತಾಳೆ. ಬರೆಯದಿದ್ದರೆ ಈ ಗಂಡಸು ಮುಂದಿನ ಸಲ ಹೇಗೆ ಬರುತ್ತಾನೋ. ಎರಡಕ್ಕೂ ಅವಳಿಗೆ ಹೆದರಿಕೆಯಾಯಿತು. ಕೊನೆಗೆ ಗೇಟಿನಲ್ಲಿದ್ದ ಪೊಲೀಸ್ ಬುಶ್ತಾನಿಗೆ ಹೇಳಿಕಳಿಸಿದಳು.

ಬುಶ್ತಾ ಗಾಯ ನೋಡಿದ, ರಕ್ತದ ತೋಳು ನೋಡಿದ. “ಏನಮ್ಮ, ಟಗರು ಸಾಲಲಿಲ್ಲ ಅಂತ ಗಂಡನ್ನೇ ಕೊಯ್ಯೋಕೆ ಹೋದ್ಯಾ?”

ರಖಿಯಾ ರಕ್ತದ ತೋಳನ್ನು ಬೆನ್ನ ಹಿಂದೆ ಮರೆಸಿದಳು.

“ಗಂಟೆ ಎಷ್ಟಾಯ್ತು?” ಮೈಮೂನ್ ಕೇಳಿದ.

“ಹನ್ನೊಂದೂಕಾಲು,” ಅಂದಳು ಬತೂಲ್. ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿಯ ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಗಡಿಯಾರ ನೋಡುವ ಗಂಡನನ್ನು ಕಂಡು ಬತೂಲ್‌ಗೆ ಮೈಯೆಲ್ಲ ಉರಿಯಿತು.

“ನಿಜ ಹೇಳ್ತೀಯೋ, ಜೀಪು ಹತ್ತುತ್ತೀಯೋ?” ಬುಶ್ತಾ ಗದರಿದ.

“ನಾನೇ ಮಾಡ್ದೆ, ಬರ್ಕೊಳ್ಳಿ,” ಅಂದಳು ರಖಿಯಾ. “ಜಗಳ ಆಯ್ತು. ಚೂರಿ ಎತ್ತಿದೆ.”

“ರಖಿಯಾ, ಬಾಯ್ಮುಚ್ಚು.”

“ನೀವು ಸುಮ್ನಿರಿ. ಒಂದಿನ ಠಾಣೇಲಿ ಕೂತ್ರೆ ನಾನೇನು ಕರಗಿಹೋಗಲ್ಲ. ನಿಮ್ಮ ಹೆಸರು ಹೋದ್ರೆ ಮತ್ತೆ ಬರಲ್ಲ.”

ಹೆಂಡತಿಯ ಚೂರಿಗೆ ಸಿಕ್ಕಿದ ಮೇಲೆ ಗಂಡಸಿನ ಯಾವ ಹೆಸರು ಉಳಿಯುತ್ತದೋ ಬತೂಲ್‌ಗೆ ಅರ್ಥವಾಗಲಿಲ್ಲ. ಬುಶ್ತಾ ದೂರು ಬರೆದು ಮುಗಿಸಿ ಶಾಯಿಯ ಡಬ್ಬಿ ತೆರೆದ. “ಬಲಗೈ ಹೆಂಗೂ ಕೆಟ್ಟಿದೆ. ಎಡಗೈ ಹೆಬ್ಬೆಟ್ಟು ಒತ್ತು, ಸಾಕು.”

ಮೈಮೂನ್ ಹೆಬ್ಬೆಟ್ಟು ಒತ್ತಲಿಲ್ಲ. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ರಖಿಯಾ ಬೇಡವೆಂದು ತಲೆಯಾಡಿಸಿದಳು. ಅವನು ದೂರನ್ನು ಬದಿಗೆ ತಳ್ಳಿ, ಬತೂಲಳ ಪುಸ್ತಕವನ್ನು ಎಳೆದುಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದು ಖಾಲಿ ಕಾಲಮ್ಮಿನಲ್ಲಿ ತಾನೇ ಬರೆದ. ಒಂದಕ್ಷರವೂ ನಡುಗಲಿಲ್ಲ. ಮದುವೆಯ ಕರೆಯೋಲೆಯಷ್ಟು ದುಂಡಗಿತ್ತು ಆ ಬರಹ: ಟಗರು ಕೊಯ್ಯುವಾಗ, ನನ್ನದೇ ಚೂರಿ.

“ಹುಟ್ಟಿದಾಗಿಂದ ನಂಗೆ ಈ ಕೈಯೇ,” ಅಂದ.

“ಹೋಯ್ತು, ಐವತ್ತು ಮನೇನೂ ಹೋಯ್ತು,” ಅಂತ ರಖಿಯಾ ಅತ್ತಳು. “ಎಡಗೈಲಿ ಕೊಯ್ದದ್ದನ್ನ ಇನ್ನು ಯಾರು ತಿಂತಾರೆ?”

ಬುಶ್ತಾ ದೂರನ್ನು ಹರಿದು ಬುಟ್ಟಿಗೆ ಹಾಕಿದ. “ನಂಗೆ ಕನ್ನಡಕ ಇಲ್ದೆ ಯಾವ ಕೈ ಯಾವುದು ಅಂತ ಗೊತ್ತಾಗಲ್ಲ,” ಅಂದು ಗೇಟಿನ ಕಡೆ ನಡೆದ. ಬತೂಲ್ ಪುಸ್ತಕ ಮುಚ್ಚಿದಳು. ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು.

“ಕಾಯಬೇಡ ಯಮ್ಮಾ,” ಅಂದಳು, ಮೈಮೂನನ ಮುಖವನ್ನೇ ನೋಡುತ್ತ. “ಮಾಲಂ ಇವತ್ತು ಬರೋಕಾಗಲ್ಲ. ಪಾಪ, ಅವರ ಕೈಗೆ ಗಾಜು ಕುಯ್ದಿದೆ.”