ಸೈರನ್ ಜೋರಾಗಿ ಕೂಗಲಿ ಎಂದು

ಹುಲ್ಲಿನಲ್ಲಿ ಹಣ್ಣಾಗುವ ಮಾವಿನ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಅಪ್ಪನ ತಂಗಿ, ಮದುವೆಯಾಗದ ನಮ್ಮ ಅತ್ತೆಗೆ ಆ ಮಧ್ಯಾಹ್ನ ಹೆರಿಗೆ ನೋವು ಜೋರಾಯಿತು. ಅಪ್ಪ ಅಮ್ಮ ನನ್ನನ್ನೂ ಹತ್ತಿಸಿಕೊಂಡು ಶ್ರೀನಿವಾಸಪುರದಿಂದ ಕೋಲಾರಕ್ಕೆ ಆಂಬುಲೆನ್ಸಿನಲ್ಲಿ ಹೊರಟರು.

“ಸೈರನ್ ಬೇಡಪ್ಪಾ, ಊರೆಲ್ಲಾ ನೋಡ್ತಾರೆ,” ಎಂದು ಅಪ್ಪ ಡ್ರೈವರಿಗೆ ಕೈಮುಗಿದರು.

ಮಾವಿನ ಮಂಡಿಯ ಬೀದಿಯಲ್ಲಿ ಹುಲ್ಲು ಹಾಸಿ ಕಾಯಿ ತುಂಬಿದ ಎತ್ತಿನಗಾಡಿಗಳು ಅಡ್ಡ ನಿಂತಿದ್ದವು. ಹಾರ್ನಿಗೆ ಯಾರೂ ಜಗ್ಗಲಿಲ್ಲ. ಅತ್ತೆ ಅಮ್ಮನ ಸೆರಗನ್ನು ಕಚ್ಚಿ ಹಿಡಿದು ನರಳುತ್ತಿದ್ದಳು.

“ಕೂಗ್ಸಣ್ಣಾ! ಮರ್ಯಾದೆ ಆಮೇಲೆ ನೋಡ್ಕೊಂಡ್ರಾಯ್ತು,” ಎಂದು ಅಮ್ಮ ಕಿರುಚಿದಳು.

ಸೈರನ್ ಕೂಗಿತು. ಗಾಡಿಗಳು ಸರಿದು ದಾರಿ ಬಿಟ್ಟವು, ಜನ ಕಿಟಕಿಯಲ್ಲಿ ಇಣುಕಿದರು. ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡರು.

ಊರು ದಾಟುವ ಮೊದಲೇ ಮಗು ಅತ್ತಿತು. ಬೆವರಿದ ಮುಖದಲ್ಲೇ ಅತ್ತೆ ನಕ್ಕಳು. ಆ ಅಳು ಹೊರಗೆ ಯಾರಿಗೂ ಕೇಳಿಸದಿರಲಿ, ಸೈರನ್ ಇನ್ನೂ ಜೋರಾಗಿ ಕೂಗಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.