ತಾತನ ಸಿಟ್ಟು ಯಾರ ಪಾಲಿಗೆ

ನಮ್ಮ ಊರಿನಲ್ಲಿ ಯಾರಾದರೂ ಸಿಟ್ಟಿಗೆದ್ದರೆ, ಆ ಸಿಟ್ಟಿನ ಜೀನ್ ಕೊಟ್ಟ ಹಿರಿಯರ ಫೋಟೊವನ್ನು ಬೈದು ಕಾಫಿ ಕುಡಿಯುವುದು ವಾಡಿಕೆ.

ಚಿದಾನಂದ ಅಂದು ಉಪ್ಪಿಟ್ಟಿನ ತಟ್ಟೆ ಎಸೆದಿದ್ದ. ಅದು ಹೆಂಡತಿ ಕುಮುದಾಳ ಹಣೆಗೆ ಬಡಿದಿತ್ತು. ಅವನ ತಂಗಿ ವನಜ ಅತ್ತಿಗೆಯ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಚಿದಾನಂದ ಎಂದಿನಂತೆ ತಾತನನ್ನು ಅಣಕಿಸುತ್ತ ಅವರ ಗೊಗ್ಗರು ದನಿ ತೆಗೆದ.

"ಉಪ್ಪೆಲ್ಲೇ, ಉಪ್ಪು? ಸಮುದ್ರ ಬತ್ತಿಹೋಯ್ತಾ?"

ಕುಮುದಾಳಿಗೆ ನಗು ಬಂತು. ಗೋಡೆಯಲ್ಲಿದ್ದ ತಾತನ ಫೋಟೊದತ್ತ ತಿರುಗಿ ಬೈದಳು. "ತಾತ, ಸತ್ತ ಮೇಲಾದ್ರೂ ಸುಮ್ನಿರಬಾರ್ದಾ ನೀವು?"

ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು. ಸಿಟ್ಟಿನ ಜೀನ್ ಇದ್ದವರಿಗೆ ಸರಕಾರ ಕೊಡುವ ಬಿಟ್ಟಿ ಮಾತ್ರೆಗಾಗಿ ಅಣ್ಣ ತಂಗಿ ಇಬ್ಬರೂ ರಕ್ತ ಕೊಟ್ಟಿದ್ದರು. ಚಿದಾನಂದ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಸಾರ್, ನಿಮಗೆ ಮಾತ್ರೆ ಸಿಗಲ್ಲ. ತಾತನ ಜೀನ್ ನಿಮ್ಮಲ್ಲಿಲ್ಲ. ಪೂರ್ತಿ ನಿಮ್ಮ ತಂಗಿಗೆ ಹೋಗಿದೆ."

ಚಿದಾನಂದನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ವನಜ ದನಿ ಏರಿಸಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ನಿಂಗೆ ಸಿಟ್ಟೇ ಬರಲ್ವಲ್ಲೇ," ಎಂದ. ಈ ಸಲ ಹೊರಟದ್ದು ಅವನದೇ ದನಿ, ಬಹಳ ಸಣ್ಣದು.

"ದಿನಾ ಬರುತ್ತಣ್ಣ," ಎಂದಳು ವನಜ, ಬಟ್ಟೆ ಹಿಂಡುತ್ತ. "ಹಿತ್ತಲಿಗೆ ಹೋಗಿ ನಿಂತ್ಕೋತೀನಿ, ಅದು ಇಳಿಯೋವರೆಗೂ."

ಚಿದಾನಂದ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಉಪ್ಪಿಟ್ಟನ್ನು ಬಳಿಯತೊಡಗಿದ. ನೆಲ ಚೊಕ್ಕಟವಾದ ಮೇಲೂ ತಲೆ ಎತ್ತಲಿಲ್ಲ.